ಟ್ಯಾಂಕ್ ಮೊದಲು ಬಂತು, ಊರು ಆಮೇಲೆ ಬಂತು

ಇವತ್ತು ಪೆಟ್ರೋಲ್ ಟ್ಯಾಂಕ್ ವಿಷಯ. ಬೈಕಿನ ಟ್ಯಾಂಕ್ ಅಲ್ಲ. ಬಂಕಿನ ನೆಲದಡಿ ಹೂತಿರುವ ಟ್ಯಾಂಕು, ಊರಾಚೆ ಡಿಪೋಗಳಲ್ಲಿ ಸಾಲಾಗಿ ನಿಂತಿರುವ ಮೂರು ಮಹಡಿ ಮನೆಯಷ್ಟು ಎತ್ತರದ ಟ್ಯಾಂಕು. ಇದನ್ನು ಎಲ್ಲಿ ಇಡಬಹುದು ಅಂತ ಯಾರು ತೀರ್ಮಾನ ಮಾಡ್ತಾರೆ, ಯಾವ ಲೆಕ್ಕದ ಮೇಲೆ ಮಾಡ್ತಾರೆ, ಆ ಲೆಕ್ಕ ಎಲ್ಲಿಂದ ಬಂತು ಅನ್ನೋದು ಇವತ್ತಿನ ಕಥೆ.

ಲೈಸೆನ್ಸು, ನಿಯಮ, ಫಾರಂ ಅಂದ ತಕ್ಷಣ ಆಕಳಿಕೆ ಬರುತ್ತೆ, ಗೊತ್ತು. ನಾನು ಬಿ.ಕಾಂ ಓದಿದವನು, ನನಗೆ ಫಾರಂಗಳ ಮೇಲೆ ಸ್ವಲ್ಪ ಮೋಹ ಜಾಸ್ತಿ. ಯಾವುದೇ ಫಾರಂ ಕೈಗೆ ಬಂದರೂ ಅದರಲ್ಲಿ ಯಾವ ಕಾಲಂ ಇಲ್ಲ ಅಂತ ಮೊದಲು ನೋಡ್ತೀನಿ. ಪೆಟ್ರೋಲಿಯಂ ಲೈಸೆನ್ಸಿನ ಇತಿಹಾಸ ಓದ್ತಾ ಹೋದಾಗ ಅಂಥದ್ದೊಂದು ಇಲ್ಲದ ಕಾಲಂ ಸಿಕ್ಕಿತು. ಅದು ಸಣ್ಣ ವಿಷಯ ಅಲ್ಲ. 2009ರ ಅಕ್ಟೋಬರ್ 29ರ ಸಂಜೆ ಜೈಪುರದ ಸೀತಾಪುರದಲ್ಲಿ ಒಂದು ಡಿಪೋ ಸ್ಫೋಟಗೊಂಡು 11 ಜನ ಸತ್ತರು. ಅವರಲ್ಲಿ 5 ಜನ ಆ ಕಂಪನಿಯವರೇ ಅಲ್ಲ. ಜೈಪುರಕ್ಕೆ ಆಮೇಲೆ ಬರ್ತೀನಿ. ಮೊದಲು ಒಂದು ಬಟ್ಟಲಿನ ವಿಷಯ ಹೇಳಬೇಕು.

ಅದಕ್ಕೂ ಮುಂಚೆ ಎಣ್ಣೆ. ಸೀಮೆಎಣ್ಣೆ ಅನ್ನೋ ಪದವನ್ನೇ ನೋಡಿ. ಸೀಮೆಹಸು, ಸೀಮೆಸುಣ್ಣ, ಸೀಮೆಬದನೆ ಇದ್ದ ಹಾಗೆ. ಹೊರದೇಶದಿಂದ ಬಂದದ್ದಕ್ಕೆಲ್ಲ ನಮ್ಮ ಜನ ಮುಂದೆ ಒಂದು 'ಸೀಮೆ' ಅಂಟಿಸಿದರು. ಹರಳೆಣ್ಣೆ, ಹೊಂಗೆ ಎಣ್ಣೆ ದೀಪ ಉರೀತಿದ್ದ ಜಾಗಕ್ಕೆ ಬುಡ್ಡಿ, ಚಿಮಣಿ, ಲಾಟೀನು ಬಂದವು. ಬೆಂಗಳೂರಿನ ಬೀದಿಗಳಲ್ಲಿ 1905ರಲ್ಲಿ ಕರೆಂಟ್ ದೀಪ ಹೊತ್ತೋ ತನಕ ಉರೀತಿದ್ದದ್ದೂ ಸೀಮೆಎಣ್ಣೆ ದೀಪಗಳೇ.

ಈ ಎಣ್ಣೆ ವ್ಯಾಪಾರ ದೊಡ್ಡದಾಗಿದ್ದು ಅಮೆರಿಕದಲ್ಲಿ, 1859ರಲ್ಲಿ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್‌ನಲ್ಲಿ ಬಾವಿ ಕೊರೆದ ಮೇಲೆ. ಕಚ್ಚಾ ತೈಲ ಕಾಯಿಸಿದಾಗ ಸೀಮೆಎಣ್ಣೆಗಿಂತ ಮೊದಲು ಇನ್ನೂ ತೆಳುವಾದ, ಬೇಗ ಆವಿಯಾಗುವ ಒಂದು ದ್ರವ ಬರುತ್ತೆ. ನಾವು ಇವತ್ತು ಪೆಟ್ರೋಲ್ ಅನ್ನೋದು ಅದನ್ನೇ. ಆಗ ಕಾರೂ ಇಲ್ಲ, ಬೈಕೂ ಇಲ್ಲ. ಪೆಟ್ರೋಲಿಗೆ ಗಿರಾಕಿ ಇರಲಿಲ್ಲ. ಹಾಗಾಗಿ ಎಣ್ಣೆ ವ್ಯಾಪಾರಿಗಳು ಅದನ್ನು ಸೀಮೆಎಣ್ಣೆಗೇ ಬೆರೆಸಿ ಮಾರಿದರು. ಇವತ್ತು ನಮ್ಮಲ್ಲಿ ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸೋದು ಕಲಬೆರಕೆ. ಆಗ ಉಲ್ಟಾ! ಫಲ ಏನಾಯ್ತು? ಮನೆಗಳಲ್ಲಿ ದೀಪಗಳು ಸಿಡಿದವು. ಹೆಂಗಸರು, ಮಕ್ಕಳು ಸುಟ್ಟುಕೊಂಡರು. ಗೋದಾಮುಗಳಿಗೆ ಬೆಂಕಿ ಬಿತ್ತು.

ಬ್ರಿಟನ್ 1862ರಲ್ಲಿ ಪೆಟ್ರೋಲಿಯಂ ಕಾಯ್ದೆ ತಂತು. ಚಿಕ್ಕ ಕಾಯ್ದೆ. ಅದರ ತಿರುಳು ಇಷ್ಟೇ: ವಾಸದ ಮನೆಯಿಂದ 50 ಗಜದೊಳಗೆ 40 ಗ್ಯಾಲನ್‌ಗಿಂತ ಹೆಚ್ಚು ಪೆಟ್ರೋಲಿಯಂ ಇಡಬೇಕಾದರೆ ಲೈಸೆನ್ಸ್ ಬೇಕು. ಈ 50 ಗಜ ಅನ್ನೋ ಅಂಕಿ ಸ್ವಲ್ಪ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ.

ಆದರೆ ಯಾವ ಎಣ್ಣೆ ಅಪಾಯದ್ದು, ಯಾವುದು ಅಲ್ಲ ಅಂತ ಹೇಳೋದು ಹೇಗೆ? ನೋಡೋಕೆ ಎರಡೂ ನೀರಿನ ಹಾಗೇ ಇರುತ್ತೆ. ಇಲ್ಲಿ ಬರ್ತಾನೆ ಫ್ರೆಡರಿಕ್ ಏಬೆಲ್. ಬ್ರಿಟಿಷ್ ಯುದ್ಧ ಇಲಾಖೆಯ ರಸಾಯನ ತಜ್ಞ. ಬಂದೂಕಿಗೆ ಹಾಕುವ ಕಾರ್ಡೈಟ್ ಅನ್ನೋ ಮದ್ದನ್ನು ಕಂಡುಹಿಡಿದವರಲ್ಲಿ ಇವನೂ ಒಬ್ಬ. ಇವನು ಒಂದು ಪುಟ್ಟ ಉಪಕರಣ ಮಾಡಿದ. ಮುಚ್ಚಳ ಇರುವ ಲೋಹದ ಬಟ್ಟಲು. ಅದರೊಳಗೆ ಎಣ್ಣೆ, ಸುತ್ತ ಬಿಸಿನೀರು. ಎಣ್ಣೆ ನಿಧಾನವಾಗಿ ಕಾಯ್ತಾ ಹೋದ ಹಾಗೆ, ಮುಚ್ಚಳದ ಸಣ್ಣ ಕಿಂಡಿ ತೆರೆದು ಕಾಳಿನಷ್ಟು ಉರಿಯನ್ನು ಒಳಗೆ ಇಳಿಸಬೇಕು. ಒಂದೊಂದು ಡಿಗ್ರಿಗೂ ಹೀಗೆ. ಯಾವ ಶಾಖದಲ್ಲಿ ಒಳಗಿನ ಆವಿ 'ಭಗ್' ಅಂತ ಮಿಂಚುತ್ತೋ ಅದೇ ಆ ಎಣ್ಣೆಯ ಫ್ಲ್ಯಾಶ್ ಪಾಯಿಂಟ್.

ಉರಿಯೋದು ಎಣ್ಣೆ ಅಲ್ಲ, ಎಣ್ಣೆಯ ಆವಿ. ಈ ಒಂದು ಮಾತನ್ನು ಕಾನೂನು ಅರ್ಥಮಾಡಿಕೊಂಡಿದ್ದು ಏಬೆಲ್‌ನ ಬಟ್ಟಲಿನಿಂದ. 1879ರಲ್ಲಿ ಬ್ರಿಟಿಷ್ ಸಂಸತ್ತು ಈ ಪರೀಕ್ಷೆಯನ್ನು ಕಾಯ್ದೆಗೆ ಸೇರಿಸಿ, ಗಡಿಯನ್ನು 73 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಟ್ಟಿತು. ಅದಕ್ಕಿಂತ ಕಡಿಮೆ ಶಾಖದಲ್ಲೇ ಮಿಂಚುವ ಎಣ್ಣೆಗೆ ಲೈಸೆನ್ಸ್, ಮಿಕ್ಕಿದ್ದಕ್ಕೆ ಬೇಡ.

ಈ ಬಟ್ಟಲು ಹಡಗು ಹತ್ತಿ ಭಾರತಕ್ಕೂ ಬಂತು. 1899ರ ಕಾಯ್ದೆ, ಅದನ್ನು ರದ್ದು ಮಾಡಿ ಬಂದ 1934ರ ಪೆಟ್ರೋಲಿಯಂ ಕಾಯ್ದೆ, ಎರಡರ ತಳಹದಿಯೂ ಫ್ಲ್ಯಾಶ್ ಪಾಯಿಂಟೇ. 1934ರ ಕಾಯ್ದೆಯ ಮೂಲ ರೂಪದಲ್ಲಿ 76 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿನದು 'ಅಪಾಯಕಾರಿ ಪೆಟ್ರೋಲಿಯಂ'. 1970ರ ತಿದ್ದುಪಡಿಯಲ್ಲಿ ಆ ಹೆಸರು ಹೋಗಿ ಎ, ಬಿ, ಸಿ ಅನ್ನೋ ವರ್ಗಗಳು ಬಂದವು. 23 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಎ. 23ರಿಂದ 65ರ ಒಳಗೆ ಬಿ. 65ರಿಂದ 93ರ ಒಳಗೆ ಸಿ. ಪೆಟ್ರೋಲ್ ಎ ವರ್ಗ, ಅದು ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿಯಲ್ಲೂ ಮಿಂಚುತ್ತೆ. ಡೀಸೆಲ್, ಸೀಮೆಎಣ್ಣೆ ಬಿ. ಬಾಯ್ಲರ್‌ಗೆ ಹಾಕೋ ಫರ್ನೇಸ್ ಆಯಿಲ್ ಸಿ.

73 ಫ್ಯಾರನ್‌ಹೀಟ್ ಅಂದರೆ ಸೆಲ್ಸಿಯಸ್‌ನಲ್ಲಿ ಎಷ್ಟು ಗೊತ್ತಾ? 22.8. ಅಂದರೆ ಇವತ್ತು ನಿಮ್ಮ ಬೀದಿಯ ಬಂಕಿನ ಲೈಸೆನ್ಸ್ ನಿಂತಿರೋ ಗೆರೆ, 1879ರಲ್ಲಿ ಲಂಡನ್ನಿನಲ್ಲಿ ಎಳೆದ ಗೆರೆಯ ಹತ್ತಿರತ್ತಿರವೇ ಇದೆ.

ಇದನ್ನು ನಾನು ಟೀಕೆ ಮಾಡೋಕೆ ಹೇಳ್ತಿಲ್ಲ. ಒಳ್ಳೆಯ ಅಳತೆ ಅದು. ಅದೇ ಕಾಯ್ದೆಯಲ್ಲಿ ಸಾಮಾನ್ಯ ಜನರಿಗೆ ವಿನಾಯಿತಿಯೂ ಇದೆ. ಮಾರಾಟಕ್ಕಲ್ಲದೆ 30 ಲೀಟರ್‌ವರೆಗೆ ಪೆಟ್ರೋಲ್, 1,000 ಲೀಟರ್ ಮೀರದ ಪೀಪಾಯಿಗಳಲ್ಲಿ ಒಟ್ಟು 2,500 ಲೀಟರ್‌ವರೆಗೆ ಡೀಸೆಲ್ ಇಟ್ಟುಕೊಳ್ಳೋಕೆ ಲೈಸೆನ್ಸ್ ಬೇಡ. ಜನರೇಟರ್ ಇಟ್ಟುಕೊಂಡಿರೋ ಅಪಾರ್ಟ್‌ಮೆಂಟಿನವರು ಸುಮ್ಮಸುಮ್ಮನೆ ಗಾಬರಿ ಆಗಬೇಕಿಲ್ಲ.

ಏಬೆಲ್‌ನ ಬಟ್ಟಲಿನಲ್ಲಿ ಒಂದು ಮಿತಿ ಮಾತ್ರ ಇದೆ. ಅದು ಎಣ್ಣೆಯ ಗುಣ ಹೇಳುತ್ತೆ. ಆ ಎಣ್ಣೆಯ ಪಕ್ಕದಲ್ಲಿ ಯಾರು ಮಲಗಿದ್ದಾರೆ ಅಂತ ಹೇಳಲ್ಲ.

ಈ 'ಪಕ್ಕ' ಅನ್ನೋ ಪ್ರಶ್ನೆ ಎದ್ದಿದ್ದು ಡಬ್ಬದಿಂದ ಟ್ಯಾಂಕಿಗೆ ಬಂದಾಗ. ಮೊದಮೊದಲು ಏಷ್ಯಾಕ್ಕೆ ಸೀಮೆಎಣ್ಣೆ ಬರ್ತಿದ್ದದ್ದು ತಗಡಿನ ಡಬ್ಬಗಳಲ್ಲಿ, ಎರಡೆರಡು ಡಬ್ಬ ಒಂದೊಂದು ಮರದ ಪೆಟ್ಟಿಗೆಯೊಳಗೆ. ಸುಮಾರು 18 ಲೀಟರಿನ ಆ ಡಬ್ಬ ನಮ್ಮ ಮನೆಗಳಲ್ಲಿ ನೀರಿನ ಕೊಡ ಆಯ್ತು, ಅಕ್ಕಿ ಡಬ್ಬ ಆಯ್ತು, ತಟ್ಟಿ ಚಪ್ಪಟೆ ಮಾಡಿದರೆ ಸೂರಿನ ತಗಡೂ ಆಯ್ತು. ಡಬ್ಬದಲ್ಲಿ ಬಂದ ಎಣ್ಣೆ ಊರ ತುಂಬ ಚೆಲ್ಲಾಪಿಲ್ಲಿಯಾಗಿ ಇರ್ತಿತ್ತು, ಒಂದೇ ಕಡೆ ಗುಡ್ಡೆ ಬೀಳ್ತಿದ್ದದ್ದು ಕಡಿಮೆ.

1892ರ ಆಗಸ್ಟ್‌ನಲ್ಲಿ ಮಾರ್ಕಸ್ ಸ್ಯಾಮ್ಯುಯೆಲ್ ಅನ್ನೋ ಲಂಡನ್ ವ್ಯಾಪಾರಿಯ ಹಡಗು 'ಮ್ಯೂರೆಕ್ಸ್', ಹೊಟ್ಟೆ ತುಂಬ ಸೀಮೆಎಣ್ಣೆ ತುಂಬಿಕೊಂಡು ಸೂಯೆಜ್ ಕಾಲುವೆ ದಾಟಿತು. ಅಲ್ಲಿಯವರೆಗೆ ಎಣ್ಣೆ ಟ್ಯಾಂಕರ್‌ಗೆ ಕಾಲುವೆ ಕಂಪನಿ ಒಪ್ಪಿಗೆ ಕೊಟ್ಟಿರಲಿಲ್ಲ. ಬೆಂಕಿ ಹತ್ತಿದರೆ ಕಾಲುವೆಯೇ ಮುಚ್ಚಿಹೋಗುತ್ತೆ ಅನ್ನೋ ಭಯ. ಸ್ಯಾಮ್ಯುಯೆಲ್ ಸುರಕ್ಷಿತ ವಿನ್ಯಾಸದ ಹಡಗು ಕಟ್ಟಿಸಿ ಒಪ್ಪಿಗೆ ಗಿಟ್ಟಿಸಿಕೊಂಡ. ಮುಂದೆ ಶೆಲ್ ಕಂಪನಿ ಆಗಿದ್ದು ಇವನ ವ್ಯಾಪಾರವೇ. ಹಡಗಿನಲ್ಲಿ ಬಿಡಿ ಎಣ್ಣೆ ಬಂದ ಮೇಲೆ ಅದನ್ನು ಇಳಿಸೋಕೆ ದಡದಲ್ಲಿ ದೊಡ್ಡ ಟ್ಯಾಂಕ್ ಬೇಕೇ ಬೇಕು. ಸಿಂಗಪುರದ ಆಡಳಿತ ಊರೊಳಗೆ ಬೇಡ ಅಂದಿದ್ದರಿಂದ ಆ ಟ್ಯಾಂಕುಗಳು ಹೋಗಿದ್ದು ಊರಿನಾಚೆ ಪುಲಾವ್ ಬುಕೊಮ್ ಅನ್ನೋ ದ್ವೀಪಕ್ಕೆ. ಕಲ್ಕತ್ತಾದಲ್ಲೂ ಅದೇ ಬುದ್ಧಿ. 1880ರ ದಶಕದಲ್ಲಿ ಅಲ್ಲಿನ ಬಂದರಿನವರು ಪೆಟ್ರೋಲಿಯಂ ಕಟ್ಟೆಯನ್ನು ಹೂಗ್ಲಿ ನದಿಯ ಕೆಳಹರಿವಿನಲ್ಲಿ, ನಗರದಿಂದ ದೂರ, ಬಜ್‌ಬಜ್‌ನಲ್ಲಿ ಕಟ್ಟಿದರು.

ಆ ಕಾಲದ ಆಡಳಿತಗಾರರ ಲೆಕ್ಕ ಸರಳವಾಗಿತ್ತು. ಎಣ್ಣೆಯನ್ನು ಊರಿನಿಂದ ದೂರ ಇಡು. ಊರು ಎಣ್ಣೆಯ ಹತ್ತಿರಕ್ಕೆ ನಡೆದು ಬರುತ್ತೆ ಅಂತ ಅವರ ತಲೆಗೆ ಹೊಳೆದ ಹಾಗೆ ಕಾಣಲ್ಲ.

ಈ ಮಧ್ಯೆ ಒಂದು ಘಟನೆ ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. 1914ರ ಸೆಪ್ಟೆಂಬರ್ 22ರ ರಾತ್ರಿ. ಮೊದಲ ಮಹಾಯುದ್ಧ ಶುರುವಾಗಿ ಎರಡು ತಿಂಗಳೂ ಆಗಿಲ್ಲ. ಕಾರ್ಲ್ ಫಾನ್ ಮ್ಯುಲರ್ ನಾಯಕತ್ವದ ಜರ್ಮನ್ ಯುದ್ಧನೌಕೆ 'ಎಮ್ಡನ್' ಮದ್ರಾಸಿನ ಕಡಲಿಗೆ ಬಂದು, ಸರ್ಚ್‌ಲೈಟ್ ಹಾಕಿ, ನೂರಕ್ಕೂ ಹೆಚ್ಚು ಗುಂಡು ಹಾರಿಸಿತು. ಗುರಿ? ಬಂದರಿನ ಪಕ್ಕದ ಬರ್ಮಾ ಆಯಿಲ್ ಕಂಪನಿಯ ಟ್ಯಾಂಕುಗಳು. ಎಣ್ಣೆ ಹೊತ್ತಿ ಉರೀತು, ಮದ್ರಾಸಿನ ಜನ ಗಂಟುಮೂಟೆ ಕಟ್ಟಿ ಒಳನಾಡಿಗೆ ಓಡಿದರು. ತಮಿಳಿನಲ್ಲಿ 'ಎಮ್ಡನ್' ಅಂದರೆ ಇವತ್ತಿಗೂ ಭಾರಿ ಕಿಲಾಡಿ ಆಸಾಮಿ ಅಂತ ಅರ್ಥ! ಒಂದು ಊರನ್ನು ಹೆದರಿಸಬೇಕಾದರೆ ಕೋಟೆಗಿಂತ ಎಣ್ಣೆ ಟ್ಯಾಂಕಿಗೆ ಹೊಡೆಯೋದು ಸುಲಭ ಅಂತ ಆ ಕ್ಯಾಪ್ಟನ್‌ಗೆ ಗೊತ್ತಿತ್ತು.

ಸರಿ, ಈಗ ಲೈಸೆನ್ಸ್ ಕೊಡೋ ಕಚೇರಿ. 1898ರಲ್ಲಿ ಸ್ಫೋಟಕಗಳ ಇಲಾಖೆ ಶುರುವಾಯ್ತು. ಈಗಿನ ಹೆಸರು ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ, ಚಿಕ್ಕದಾಗಿ ಪೆಸೊ. ಮುಖ್ಯ ಕಚೇರಿ ನಾಗಪುರದಲ್ಲಿ. ಬಂಕ್ ನಡೆಸೋರು ಇವತ್ತಿಗೂ 'ಎಕ್ಸ್‌ಪ್ಲೋಸಿವ್ ಲೈಸೆನ್ಸ್' ಅಂತಲೇ ಕರೆಯೋದು. ಪಟಾಕಿ, ಕ್ವಾರಿಯ ಮದ್ದು, ಗ್ಯಾಸ್ ಸಿಲಿಂಡರ್, ಪೆಟ್ರೋಲ್, ಎಲ್ಲದಕ್ಕೂ ಇದೇ ಮನೆ.

1950ರಲ್ಲಿ ಸಂವಿಧಾನ ಬಂದಾಗ ಪೆಟ್ರೋಲಿಯಂ ಅನ್ನು ಕೇಂದ್ರ ಪಟ್ಟಿಯ 53ನೇ ನಮೂದಿಗೆ ಹಾಕಿದರು. ಭೂಮಿ ರಾಜ್ಯ ಪಟ್ಟಿಯ 18ನೇ ನಮೂದು. ಊರಿನ ಸ್ಥಳೀಯ ಆಡಳಿತವೂ ರಾಜ್ಯ ಪಟ್ಟಿಯಲ್ಲೇ. ಇಲ್ಲಿ ಸ್ವಲ್ಪ ನಿಲ್ಲೋಣ. ಟ್ಯಾಂಕಿನೊಳಗಿನ ಎಣ್ಣೆ ಕೇಂದ್ರದ್ದು, ಟ್ಯಾಂಕ್ ಕೂತಿರೋ ನೆಲ ರಾಜ್ಯದ್ದು, ಪಕ್ಕದ ಸೈಟಿಗೆ ಕಟ್ಟಡ ಪರವಾನಗಿ ಕೊಡೋದು ಪಂಚಾಯಿತಿಯೋ ಪುರಸಭೆಯೋ. ಮೂರು ಮನೆ, ಒಂದು ಗೋಡೆ.

ಈ ಮೂರನ್ನೂ ಜೋಡಿಸೋ ಒಂದೇ ಒಂದು ಕಾಗದ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ. 2002ರ ಪೆಟ್ರೋಲಿಯಂ ನಿಯಮಗಳ ಪ್ರಕಾರ ಬಂಕ್ ಅಥವಾ ಡಿಪೋ ಹಾಕೋರು ಮೊದಲು ಜಿಲ್ಲಾ ಪ್ರಾಧಿಕಾರದಿಂದ ಇದನ್ನು ತರಬೇಕು. ಪೊಲೀಸ್ ಕಮಿಷನರ್ ಇರುವ ಬೆಂಗಳೂರಿನಂಥ ನಗರಗಳಲ್ಲಿ ಕಮಿಷನರ್, ಮಿಕ್ಕ ಕಡೆ ಜಿಲ್ಲಾ ಮ್ಯಾಜಿಸ್ಟ್ರೇಟ್, ಅಂದರೆ ನಮ್ಮ ಡಿಸಿ ಸಾಹೇಬರು. ಅರ್ಜಿ ಬಂದ ಮೇಲೆ ಪೊಲೀಸ್, ಅಗ್ನಿಶಾಮಕ, ತಹಶೀಲ್ದಾರ್ ಮುಂತಾದವರ ವರದಿ ತರಿಸಿಕೊಂಡು ಮೂರು ತಿಂಗಳೊಳಗೆ ಕೊಡಬೇಕು ಅಥವಾ ಇಲ್ಲ ಅನ್ನಬೇಕು. ಅರ್ಜಿಯ ಜೊತೆಗೆ ಪೆಸೊಗೆ ಹೋಗೋ ನಕ್ಷೆಯಲ್ಲಿ ಟ್ಯಾಂಕಿನ ಸುತ್ತ 100 ಮೀಟರ್‌ನೊಳಗೆ ಏನೇನಿದೆ ಅಂತ ತೋರಿಸಬೇಕು. ಮನೆ, ಶಾಲೆ, ದೇವಸ್ಥಾನ, ಆಸ್ಪತ್ರೆ ಇವಕ್ಕೆಲ್ಲ ನಿಯಮದ ಭಾಷೆಯಲ್ಲಿ 'ಸಂರಕ್ಷಿತ ಕಟ್ಟಡ' ಅನ್ನೋ ಅರ್ಥದ ಹೆಸರಿದೆ. ಅವುಗಳಿಂದ ಟ್ಯಾಂಕ್ ಇಷ್ಟಿಷ್ಟು ದೂರ ಇರಬೇಕು ಅಂತ ಕೋಷ್ಟಕಗಳಿವೆ.

ಓದಿದರೆ ಚೆನ್ನಾಗೇ ಇದೆ. ಒಂದು ಪ್ರಶ್ನೆ ಬಿಟ್ಟು. ಟ್ಯಾಂಕ್ ಬಂದು ಕೂತ ಮೇಲೆ, ಹತ್ತು ವರ್ಷ ಬಿಟ್ಟು ಪಕ್ಕದಲ್ಲಿ ಯಾರಾದರೂ ಶಾಲೆ ಕಟ್ಟಿದರೆ? ಶಾಲೆ ಕಟ್ಟೋರು ಪೆಸೊಗೆ ಹೋಗಿ ಒಪ್ಪಿಗೆ ತರಬೇಕು ಅಂತ ಪೆಟ್ರೋಲಿಯಂ ಕಾಯ್ದೆ ಹೇಳಲ್ಲ. ಎಣ್ಣೆಯ ಕಾಯ್ದೆ ಅದು, ಶಾಲೆಗೆ ಅದು ಅನ್ವಯವೇ ಆಗಲ್ಲ. ಲೈಸೆನ್ಸ್ ನವೀಕರಣಕ್ಕೆ ಹೊಸದಾಗಿ ಎನ್‌ಒಸಿಯೂ ಬೇಕಿಲ್ಲ. ನಾನು ಹೇಳಿದ ಇಲ್ಲದ ಕಾಲಂ ಇದೇ. ಟ್ಯಾಂಕ್ ಊರಿನ ಒಪ್ಪಿಗೆ ಕೇಳಬೇಕು. ಊರು ಬೆಳೆಯುವಾಗ ಟ್ಯಾಂಕಿನ ಕಡೆ ತಿರುಗಿ ನೋಡಬೇಕಿಲ್ಲ.

ಈಗ ಜೈಪುರ.

ಸೀತಾಪುರದ್ದು ಇಂಡಿಯನ್ ಆಯಿಲ್ ಡಿಪೋ. ಸುತ್ತ ಕೈಗಾರಿಕಾ ಪ್ರದೇಶ, ಕಾಲೇಜುಗಳು, ಆಸ್ಪತ್ರೆ. ಗುರುವಾರ ಸಂಜೆ. ಒಂದು ಟ್ಯಾಂಕಿನಿಂದ ಪಕ್ಕದ ಇನ್ನೊಂದು ತೈಲ ಕಂಪನಿಯ ಟರ್ಮಿನಲ್‌ಗೆ ಪೈಪಿನಲ್ಲಿ ಪೆಟ್ರೋಲ್ ಕಳಿಸೋಕೆ ತಯಾರಿ ನಡೀತಿತ್ತು. ಪೈಪಿನಲ್ಲಿ 'ಹ್ಯಾಮರ್ ಬ್ಲೈಂಡ್' ಅಂತ ಒಂದು ಸಾಧನ. ಅದರೊಳಗಿನ ತಗಡನ್ನು ಬದಲಾಯಿಸೋಕೆ ಮೇಲಿನ ಮುಚ್ಚಳ ತೆಗೀಬೇಕು. ತೆಗೆಯುವಾಗ ಟ್ಯಾಂಕಿನ ಕಡೆಯ ವಾಲ್ವ್ ಮುಚ್ಚಿರಬೇಕು. ಅವತ್ತು ಅದು ತೆರೆದಿತ್ತು. ಪೆಟ್ರೋಲ್ ಕಾರಂಜಿ ಥರ ಮೇಲಕ್ಕೆ ಚಿಮ್ಮಿತು. ಕೆಲಸ ಮಾಡ್ತಿದ್ದವರು ಆವಿಗೆ ಉಸಿರು ಕಟ್ಟಿ ಬಿದ್ದರು. ಕಂಟ್ರೋಲ್ ರೂಮಿನಿಂದ ದೂರದಲ್ಲೇ ವಾಲ್ವ್ ಮುಚ್ಚುವ ವ್ಯವಸ್ಥೆ ಕೆಲಸ ಮಾಡ್ತಿರಲಿಲ್ಲ.

ಸುಮಾರು ಒಂದೂಕಾಲು ಗಂಟೆ. ಅಷ್ಟು ಹೊತ್ತು ಪೆಟ್ರೋಲ್ ಸುರೀತಾನೇ ಇತ್ತು. ಗಾಳಿ ಬೀಸ್ತಿರಲಿಲ್ಲ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ಹೊಗೆ ಥರ ಮೇಲಕ್ಕೆ ಹೋಗಲ್ಲ, ನೀರಿನ ಥರ ನೆಲದ ಮೇಲೆ ಹರಿದು ತಗ್ಗು ಹುಡುಕುತ್ತೆ. ಆವಿ ಇಡೀ ಡಿಪೋ ತುಂಬಿಕೊಂಡಿತು. 7.30ರ ಹೊತ್ತಿಗೆ ಎಲ್ಲೋ ಒಂದು ಕಿಡಿ. ಎರಡು ಕಿಲೋಮೀಟರ್ ದೂರದ ಕಿಟಕಿ ಗಾಜುಗಳೂ ಒಡೆದವು.

ಏಬೆಲ್‌ನ ಬಟ್ಟಲಿನಲ್ಲಿ ಕಾಳಿನಷ್ಟು ಉರಿಗೆ 'ಭಗ್' ಅಂದಿತ್ತಲ್ಲ, ಅದೇ ಕ್ರಿಯೆ ಇದು. ಬಟ್ಟಲಿನ ಅಳತೆ ಮಾತ್ರ ಬೇರೆ.

ಆಮೇಲೆ ಟ್ಯಾಂಕುಗಳು ಒಂದೊಂದಾಗಿ ಹೊತ್ತಿಕೊಂಡವು. ಆರಿಸೋಕೆ ಹೋದರೆ ಇನ್ನೂ ಅಪಾಯ ಅಂತ ತಾನಾಗಿ ಉರಿದು ಮುಗಿಯಲಿ ಅಂತ ಬಿಟ್ಟರು. ಉರಿದಿದ್ದು 11 ದಿನ. ಸುಮಾರು 60,000 ಕಿಲೋಲೀಟರ್ ಇಂಧನ ಹೋಯ್ತು. ಕಿಲೋಲೀಟರ್ ಅಂದರೆ 1,000 ಲೀಟರ್, ಗುಣಿಸಿ ನೋಡಿ. ನಷ್ಟ ಸುಮಾರು 280 ಕೋಟಿ ರೂಪಾಯಿ. ಸರಕು, ಸಾಮಾನು, ಕಟ್ಟಡದ ಜೊತೆ ಹೊರಗಿನವರಿಗೆ ಕೊಡುವ ಪರಿಹಾರವೂ ಈ ಅಂಕಿಯೊಳಗೇ ಸೇರಿದೆ. ಲೆಕ್ಕಪತ್ರ ಓದಿದವನಾಗಿ ಹೇಳ್ತೀನಿ, ಬೇಲಿಯ ಹೊರಗಿನವರು ಕಂಪನಿಯ ಪುಸ್ತಕದೊಳಗೆ ಕಾಣಿಸಿಕೊಳ್ಳೋದು ಹೀಗೆ, ಪರಿಹಾರ ಅನ್ನೋ ಸಾಲಿನಲ್ಲಿ. ಅದಕ್ಕೆ ಮುಂಚೆ ಅವರಿಗೆ ಯಾವ ಸಾಲೂ ಇಲ್ಲ.

ತನಿಖೆಗೆ ಸರ್ಕಾರ ಹಿಂದೂಸ್ತಾನ್ ಪೆಟ್ರೋಲಿಯಂನ ಮಾಜಿ ಮುಖ್ಯಸ್ಥ ಎಂ.ಬಿ. ಲಾಲ್ ನೇತೃತ್ವದಲ್ಲಿ ಸಮಿತಿ ಮಾಡಿತು. ಹ್ಯಾಮರ್ ಬ್ಲೈಂಡ್ ಬಿಡಿ, ದೂರದಿಂದ ಮುಚ್ಚುವ ವಾಲ್ವ್ ಹಾಕಿ, ಆವಿ ಪತ್ತೆ ಮಾಡುವ ಸಾಧನ ಇಡಿ, ಟ್ಯಾಂಕ್ ತುಂಬಿ ಚೆಲ್ಲದ ಹಾಗೆ ಪ್ರತ್ಯೇಕ ಎಚ್ಚರಿಕೆ ಗಂಟೆ ಇರಲಿ ಅಂತೆಲ್ಲ ಉದ್ದದ ಪಟ್ಟಿ ಕೊಟ್ಟಿತು. ದೇಶದ ಡಿಪೋಗಳಲ್ಲಿ ಇದರಿಂದ ಕೆಲಸ ಆಗಿದೆ, ಹಣ ಖರ್ಚಾಗಿದೆ, ಅದನ್ನು ಒಪ್ಪಬೇಕು. ಭೋಪಾಲ್ ಆದ ಮೇಲೆ, 1986ರಲ್ಲಿ, ತೈಲ ಉದ್ಯಮಕ್ಕೇ ಅಂತ ಒಐಎಸ್‌ಡಿ ಅನ್ನೋ ಸುರಕ್ಷತಾ ನಿರ್ದೇಶನಾಲಯ ಬಂದಿತ್ತು, ಅದರ ಮಾನದಂಡಗಳೂ ಜೈಪುರದ ನಂತರ ಬಿಗಿಯಾದವು. 1997ರ ಸೆಪ್ಟೆಂಬರ್‌ನಲ್ಲಿ ವಿಶಾಖಪಟ್ಟಣದ ರಿಫೈನರಿಯಲ್ಲಿ ಗ್ಯಾಸ್ ಸೋರಿ ಸುಮಾರು 60 ಜನ ಸತ್ತಾಗಲೂ ಹೀಗೇ ಒಂದು ಸುತ್ತು ಬಿಗಿ ಆಗಿತ್ತು.

ಆದರೆ ಗಮನಿಸಿ. ಈ ರಿಪೇರಿಗಳ ಪಟ್ಟಿಯಲ್ಲಿ ನಾನು ಓದಿ ಹೇಳಿದ್ದೆಲ್ಲ ಬೇಲಿಯ ಒಳಗಿನದು.

ಇಂಗ್ಲೆಂಡಿನಲ್ಲಿ ಏನಾಯ್ತು ಅಂತ ಹೇಳಿದರೆ ವ್ಯತ್ಯಾಸ ಗೊತ್ತಾಗುತ್ತೆ. ಜೈಪುರಕ್ಕೆ ನಾಲ್ಕು ವರ್ಷ ಮುಂಚೆ, 2005ರ ಡಿಸೆಂಬರ್ 11ರಂದು ಲಂಡನ್ ಹತ್ತಿರದ ಬನ್ಸ್‌ಫೀಲ್ಡ್ ಡಿಪೋದಲ್ಲಿ ಥೇಟ್ ಇಂಥದ್ದೇ ಆಯ್ತು. ಟ್ಯಾಂಕಿನ ಮಟ್ಟ ತೋರಿಸುವ ಮಾಪಕ ಸಿಕ್ಕಿಹಾಕಿಕೊಂಡಿತ್ತು, ತಡೆಯಬೇಕಾದ ಇನ್ನೊಂದು ಸ್ವಿಚ್ಚೂ ಕೈಕೊಟ್ಟಿತು. ಪೆಟ್ರೋಲ್ ತುಂಬಿ ಚೆಲ್ಲಿ, ಆವಿ ಹರಡಿ, ಬೆಳಿಗ್ಗೆ 6 ಗಂಟೆಗೆ ಸ್ಫೋಟ. 40ಕ್ಕೂ ಹೆಚ್ಚು ಜನರಿಗೆ ಗಾಯ. ಸಾವು ಸೊನ್ನೆ. ಅವತ್ತು ಭಾನುವಾರ. ಪಕ್ಕದಲ್ಲಿದ್ದ ಆಫೀಸುಗಳು ಖಾಲಿ. ಮಾರನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ಆಗಿದ್ದರೆ? ಅಲ್ಲಿನವರನ್ನು ಕಾಡಿದ್ದು ಈ ಪ್ರಶ್ನೆ.

ಬ್ರಿಟನ್‌ನಲ್ಲಿ ಇಂಥ ಜಾಗದ ಸುತ್ತ ಯಾರಾದರೂ ಕಟ್ಟಡ ಕಟ್ಟೋಕೆ ಬಂದರೆ, ಊರಿನ ಯೋಜನಾ ಕಚೇರಿ ಸುರಕ್ಷತಾ ಇಲಾಖೆಯ ಸಲಹೆ ಕೇಳಲೇಬೇಕು. ಅಂದರೆ ಆ ಕಾಲಂ ಅಲ್ಲಿ ಇದೆ. ಆದರೂ ಬನ್ಸ್‌ಫೀಲ್ಡ್ ಪಕ್ಕ ಆಫೀಸುಗಳು ಎದ್ದಿದ್ದವು. ಯಾಕೆಂದರೆ ಆ ಸಲಹೆ ನಿಂತಿದ್ದು ಚೆಲ್ಲಿದ ಎಣ್ಣೆ ನಿಂತಲ್ಲೇ ಉರಿಯುತ್ತೆ ಅನ್ನೋ ಲೆಕ್ಕದ ಮೇಲೆ. ಆವಿಯ ಮೋಡ ಸಿಡಿಯೋದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಆಮೇಲೆ ಹಿಡಿದರು. ಇಂಥ ಪೆಟ್ರೋಲ್ ಡಿಪೋಗಳ ಸುತ್ತ 150 ಮೀಟರಿನ ಹೊಸ ವಲಯ ಎಳೆದು, ಅದರೊಳಗೆ ಜನ ಸೇರುವ ಹೊಸ ಕಟ್ಟಡಗಳಿಗೆ ಬೇಡ ಅನ್ನೋಕೆ ಶುರುಮಾಡಿದರು. ಕಾಲಂ ಇದ್ದಿದ್ದಕ್ಕೆ ಅದರೊಳಗಿನ ಅಂಕಿ ತಿದ್ದೋಕಾಯ್ತು.

ನಮ್ಮಲ್ಲಿ? 2020ರ ಜನವರಿಯಲ್ಲಿ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ನಿರ್ದೇಶನದ ನಂತರ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೊಸ ಬಂಕ್‌ಗಳಿಗೆ ಮಾರ್ಗಸೂಚಿ ತಂತು. ಶಾಲೆ, ಹತ್ತು ಹಾಸಿಗೆಯ ಅಥವಾ ಅದಕ್ಕಿಂತ ದೊಡ್ಡ ಆಸ್ಪತ್ರೆ, ವಸತಿ ಪ್ರದೇಶ ಇವುಗಳಿಂದ ಬಂಕ್ 50 ಮೀಟರ್ ದೂರ ಇರಬೇಕು. ಟ್ಯಾಂಕರ್‌ನಿಂದ ಎಣ್ಣೆ ಇಳಿಸುವ ಬಾಯಿ, ಪೆಟ್ರೋಲ್ ಹಾಕುವ ಯಂತ್ರ, ಆವಿ ಹೊರಹೋಗುವ ವೆಂಟ್ ಪೈಪ್, ಇವುಗಳಲ್ಲಿ ಯಾವುದು ಹತ್ತಿರವೋ ಅಲ್ಲಿಂದ ಅಳೀಬೇಕು. ಜಾಗ ಸಾಲದಿದ್ದರೆ ಪೆಸೊ ಹೇಳಿದ ಹೆಚ್ಚುವರಿ ಸುರಕ್ಷತೆ ಮಾಡಿಕೊಂಡು ಕಡಿಮೆ ಮಾಡಬಹುದು, ಆದರೆ ಯಾವ ಕಾರಣಕ್ಕೂ 30 ಮೀಟರಿಗಿಂತ ಕೆಳಗೆ ಇಲ್ಲ.

50 ಮೀಟರ್. 1862ರ ಕಾಯ್ದೆಯ 50 ಗಜ ಅಂದರೆ 45.7 ಮೀಟರ್. 158 ವರ್ಷದಲ್ಲಿ ನಾವು ನಾಲ್ಕು ಮೀಟರ್ ಮುಂದೆ ಬಂದಿದ್ದೀವಿ!

ತಮಾಷೆ ಬಿಡಿ, ಈ ಮಾರ್ಗಸೂಚಿ ಬೇಕಿತ್ತು. ಆದರೆ ಇದು ಕೂಡ ಹೊಸ ಬಂಕಿಗೆ. ಇರುವ ಬಂಕಿನ ಪಕ್ಕ ಬರುವ ಹೊಸ ಶಾಲೆಗೆ ಅಲ್ಲ.

ಕರ್ನಾಟಕದ ಮಟ್ಟಿಗೆ ನೋಡಿ. ನಮ್ಮ ರಾಜಧಾನಿಯ ಇಂಧನದ ದೊಡ್ಡ ಪಾಲು ಹಾದುಹೋಗೋದು ಹೊಸಕೋಟೆ ತಾಲ್ಲೂಕಿನ ದೇವನಗೊಂದಿಯಿಂದ. ಮಂಗಳೂರಿನಿಂದ ಹಾಸನದ ಮೇಲೆ ಬರುವ ಸುಮಾರು 360 ಕಿಲೋಮೀಟರಿನ ಪೈಪ್‌ಲೈನ್ 2003ರಿಂದ ಅಲ್ಲಿಗೇ ಬಂದು ಮುಟ್ಟುತ್ತೆ. ತೈಲ ಕಂಪನಿಗಳ ಟರ್ಮಿನಲ್‌ಗಳು, ರೈಲ್ವೆ ಲೈನ್, ರಸ್ತೆ ತುಂಬ ಟ್ಯಾಂಕರ್‌ಗಳು. ಹೊಸಕೋಟೆ, ವೈಟ್‌ಫೀಲ್ಡ್ ಕಡೆ ಲೇಔಟ್‌ಗಳು ಹೇಗೆ ಹಬ್ಬಿವೆ ಅಂತ ನಾನು ಹೇಳಬೇಕಿಲ್ಲ, ಆ ಕಡೆ ಸೈಟ್ ನೋಡೋಕೆ ಹೋಗದ ಸಂಬಳದಾರರೇ ಕಡಿಮೆ. ಅಲ್ಲಿ ಇವತ್ತು ಏನೋ ಅಪಾಯ ಇದೆ ಅಂತ ನಾನು ಹೇಳ್ತಿಲ್ಲ. ಕಾಗದ ಹೇಗೆ ಓಡಾಡುತ್ತೆ ಅಂತ ಹೇಳ್ತಿದ್ದೀನಿ.

ಕಮಿಷನರೇಟ್ ಇಲ್ಲದ ಜಿಲ್ಲೆಗಳಲ್ಲಿ ಬಂಕಿಗೋ ಡಿಪೋಗೋ ಎನ್‌ಒಸಿ ಕೊಡೋದು ಡಿಸಿ. ಪಕ್ಕದ ಹೊಲವನ್ನು ಲೇಔಟ್ ಮಾಡೋಕೆ ಭೂ ಪರಿವರ್ತನೆ ಆದೇಶ ಕೊಡೋದೂ ಡಿಸಿಯೇ, 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ. ಅದಕ್ಕೇ ಜನ ಅದನ್ನು 'ಡಿಸಿ ಕನ್ವರ್ಷನ್' ಅನ್ನೋದು. ಒಂದೇ ಕಚೇರಿ, ಒಂದೇ ಸಹಿ, ಎರಡು ಕಡತ. ಮೊದಲನೆಯದು ಮ್ಯಾಜಿಸ್ಟ್ರೇಟ್ ಅಧಿಕಾರದಲ್ಲಿ, ಎರಡನೆಯದು ಕಂದಾಯ ಅಧಿಕಾರದಲ್ಲಿ. ಮೊದಲನೇ ಕಡತಕ್ಕೆ ಸುತ್ತಲಿನ 100 ಮೀಟರಿನ ನಕ್ಷೆ ಬೇಕು. ಎರಡನೇ ಕಡತದ ದಾರಿಯನ್ನು ಇತ್ತೀಚಿನ ವರ್ಷಗಳಲ್ಲಿ ಆನ್‌ಲೈನ್ ಅರ್ಜಿ, ಅಫಿಡವಿಟ್ ಅಂತ ಸರಳ ಮಾಡುತ್ತಾ ಬಂದಿದ್ದಾರೆ. ರೈತರಿಗೆ ಅಲೆದಾಟ ತಪ್ಪಿದ್ದು ಒಳ್ಳೆಯದೇ. ನನ್ನ ಅಭಿಪ್ರಾಯ ಕೇಳಿದರೆ, ಇದಕ್ಕೆ ಹೊಸ ಕಾಯ್ದೆ, ಹೊಸ ಪ್ರಾಧಿಕಾರ ಏನೂ ಬೇಡ. ಎನ್‌ಒಸಿ ಕೊಟ್ಟ ಸರ್ವೆ ನಂಬರುಗಳ ಸುತ್ತ ಒಂದು ಗೆರೆ ಎಳೆದು ಭೂ ಪರಿವರ್ತನೆಯ ಸಾಫ್ಟ್‌ವೇರ್‌ಗೆ ಹಾಕಿದರೆ, ಆ ಗೆರೆಯೊಳಗಿನ ಅರ್ಜಿ ಬಂದಾಗ ಅದು ತಾನಾಗಿ ನಿಲ್ಲುತ್ತೆ. ಎರಡೂ ಕಡತ ಅದೇ ಕಟ್ಟಡದಲ್ಲಿವೆ.

ನಿಮ್ಮಲ್ಲಿ ಆಸಕ್ತಿ ಇರೋರು ಒಂದು ಕೆಲಸ ಮಾಡಬಹುದು. ನಿಮ್ಮೂರಿನ ಹಳೇ ಬಂಕ್ ಒಂದನ್ನು ಆರಿಸಿಕೊಳ್ಳಿ. ಡಿಸಿ ಕಚೇರಿಗೆ, ನಗರದಲ್ಲಿದ್ದರೆ ಕಮಿಷನರ್ ಕಚೇರಿಗೆ, ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಯ ಅರ್ಜಿ ಹಾಕಿ ಅದರ ಎನ್‌ಒಸಿ ಕಡತದ ನಕಲು ಕೇಳಿ. ಸಿಕ್ಕರೆ ಅದರೊಳಗಿನ ನಕ್ಷೆಯಲ್ಲಿ ಅವತ್ತು ಸುತ್ತಮುತ್ತ ಏನಿತ್ತು ಅಂತ ಇರುತ್ತೆ. ಖಾಲಿ ಸೈಟು, ಹುಣಸೆ ಮರ, ಕೆರೆ ಏರಿ, ಏನೋ ಒಂದು. ನಕ್ಷೆ ಹಿಡ್ಕೊಂಡು ಬಂಕಿನ ಎದುರು ರಸ್ತೆಯಲ್ಲಿ ನಿಂತು ಈಗ ಏನಿದೆ ಅಂತ ಬರ್ಕೊಳ್ಳಿ. ನನಗೆ ಕಳಿಸಿ, ಮುಂದಿನ ಕಂತಿನಲ್ಲಿ ಓದ್ತೀನಿ.